ಮಗಳ ಮನೆಯ ಉಪ್ಪು

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೀಗೆಂದು ನಾನೇ ಹೇಳಿಕೊಳ್ಳುತ್ತಿಲ್ಲ. ನನ್ನ ಹೆಂಡತಿ ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಹಿಡಿದು, ಅಂದಿನಿಂದ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಹೇಳುತ್ತ ಬಂದಿದ್ದಾಳೆ. ಬಾಲ್ ಪೆನ್ನು ಕೈಬರಹ ಕೆಡಿಸುತ್ತದೆ ಎಂದು ನಿವೃತ್ತನಾಗುವ ದಿನದವರೆಗೂ ಶಾಯಿ ಪೆನ್ನೇ ಹಿಡಿದು, ಇದ್ದಬದ್ದ ಅಂಗಿಗಳ ಜೇಬನ್ನೆಲ್ಲ ನೀಲಿ ಮಾಡಿಕೊಂಡವನು ನಾನು. ಮಿಕ್ಸಿಯಲ್ಲಿ ಅರೆದ ಚಟ್ನಿಗೆ ರುಚಿಯಿಲ್ಲ ಎಂದು ವಾದಿಸಿದೆ. "ಹಾಗಾದ್ರೆ ನೀವೇ ರುಬ್ಬಿ" ಎಂದು ಅವಳು ಒರಳಿನ ಮುಂದೆ ಕೂರಿಸಿದಳು. ವಾದ ಸೋಲಬಾರದು ಎಂಬ ಒಂದೇ ಕಾರಣಕ್ಕೆ ಒಂದು ಬೇಸಿಗೆ ಪೂರ್ತಿ ರುಬ್ಬಿದೆ. ತೋಳು ನೋವು ಬಂದಾಗ "ಇದು ವಾಯು" ಎಂದೆ.

ನನಗೆ ಇನ್ನೊಂದು ಗುಣವಿದೆ. ಊಟಕ್ಕೆ ಹೆಸರಿಡುವುದು. ಸಾರಿಗೆ ಹುಳಿ ಮುಂದು, ಹುಳಿಗೆ ಉಪ್ಪು ಹಿಂದು, ಪಲ್ಯಕ್ಕೆ ಇಂಗು ಕಾಣೆ, ಹೀಗೆ ಏನಾದರೂ ಒಂದು ಅನ್ನದೆ ನನ್ನ ಕೈ ಎರಡನೆಯ ತುತ್ತಿಗೆ ಹೋಗುವುದಿಲ್ಲ. ಇದರಲ್ಲಿ ದ್ವೇಷವೇನೂ ಇಲ್ಲ, ಕೆಲವರು ಊಟಕ್ಕೆ ಮೊದಲು ಎಲೆಯ ಪಕ್ಕ ನಾಲ್ಕು ಅಗುಳು ಚಿತ್ರಾವತಿ ಇಡುತ್ತಾರೆ, ನಾನು ಹೆಸರಿಡುತ್ತೇನೆ, ಅಷ್ಟೆ. ಒಂದು ದಿನ ಏನೂ ಅನ್ನದೆ ಎದ್ದರೆ ನನ್ನ ಹೆಂಡತಿ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ನಮಗಿರುವುದು ಒಬ್ಬಳೇ ಮಗಳು. ಅವಳು ಚಿಕ್ಕವಳಿದ್ದಾಗ ನನ್ನ ಪಕ್ಕ ತಟ್ಟೆ ಇಟ್ಟುಕೊಂಡು ಕೂತು, ನಾನು ಬಾಯಿ ತೆರೆಯುವ ಮೊದಲೇ "ಅಪ್ಪ, ಇವತ್ತು ಉಪ್ಪಾ ಹುಳಿಯಾ?" ಎಂದು ಕೇಳುತ್ತಿದ್ದಳು.

ಆ ಮಗಳು ಈಗ ಅರಕಲಗೂಡಿನಲ್ಲಿ ದನದ ಡಾಕ್ಟರು. ಅಳಿಯ ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ನಾವು ಗಂಡ ಹೆಂಡತಿ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿದ್ದೇವೆ. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮಗಳ ಊರು ಬರುತ್ತದೆ. ಇಷ್ಟು ಹತ್ತಿರ ಮಗಳಿರುವುದು ಪುಣ್ಯ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಆದರೆ ಮೂರು ಡಬ್ಬಿಯ ಒಂದು ಸ್ಟೀಲ್ ಕ್ಯಾರಿಯರ್ ಈ ಪುಣ್ಯದ ನಡುವೆ ಬಂದು ಕೂತಿತ್ತು.

ನಮ್ಮ ಮನೆತನದಲ್ಲಿ ಒಂದು ಶಾಸ್ತ್ರವಿದೆ. ಧಾರೆ ಎರೆದು ಕೊಟ್ಟ ಮೇಲೆ, ಮಗಳಿಗೆ ಒಂದು ಮಗುವಾಗುವವರೆಗೆ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದು, ನೀರನ್ನೂ ಕುಡಿಯಬಾರದು. ದಾನ ಕೊಟ್ಟ ಕೈ ಅಲ್ಲಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಅದರ ಅರ್ಥ. ಮಗುವಾದರೆ ಅದು ಮೊಮ್ಮಗುವಿನ ಮನೆ, ಆಗ ಎಷ್ಟು ಬೇಕಾದರೂ ಬಾರಿಸಬಹುದು. ನಮ್ಮ ಅಕ್ಕನನ್ನು ಕಟ್ಟಾಯಕ್ಕೆ ಕೊಟ್ಟಾಗ ನಮ್ಮಪ್ಪ ಅವಳನ್ನು ನೋಡಲು ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹೆಗಲಿಗೆ ಟವಲ್ಲು, ಟವಲ್ಲಿನಲ್ಲಿ ಅವಲಕ್ಕಿ ಗಂಟು. ಮಗಳನ್ನು ಮಾತಾಡಿಸಿಕೊಂಡು, ಊರಾಚೆಯ ಹೊಂಗೆ ಮರದ ಕೆಳಗೆ ಕೂತು ಗಂಟು ಬಿಚ್ಚಿ ತಿಂದು, ನೀರು ಕುಡಿದು ಬರುತ್ತಿದ್ದರಂತೆ. ಆ ಚಿತ್ರ ನನ್ನ ಮನಸ್ಸಿನಲ್ಲಿ ಕ್ಯಾಲೆಂಡರಿನ ದೇವರ ಪಟದ ಹಾಗೆ ಅಂಟಿಕೊಂಡಿತ್ತು. ನಮ್ಮಪ್ಪ ಎಂದರೆ ನನಗೆ ಆ ಮರದ ಕೆಳಗೆ ಕೂತ ಮನುಷ್ಯ.

ಹಾಗಾಗಿ ನಾನೂ ಹೊರಟೆ, ಕ್ಯಾರಿಯರ್ ಹಿಡಿದು. ಮಜಾ ಏನೆಂದರೆ ನಾನು ಬಾಗೂರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ಪಾಠ ಮಾಡಿದ ಮೇಷ್ಟ್ರು. ಕಂದಾಚಾರ ಬಿಡಬೇಕು ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದವನು. ಅಲ್ಲಿ ಯಾವ ಮಕ್ಕಳ ಮನೆಯಲ್ಲಿ ಕರೆದರೂ ಜಾತಿ ಕೇಳದೆ ಕೂತು ಉಂಡವನು. ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು ಎಂದು ಗಾದೆಯಿದೆಯಲ್ಲ, ನನ್ನದು ಉಲ್ಟಾ: ಬದನೆಕಾಯಿ ತಿನ್ನಿ ಎಂದು ಊರಿಗೆಲ್ಲ ಹೇಳಿ, ಮನೆಗೆ ಬಂದು ಶಾಸ್ತ್ರ ಮಾಡುತ್ತಿದ್ದೆ.

ಮೊದಮೊದಲು ಮಗಳು ನಕ್ಕಳು. ಅವಳ ಮನೆಯೊಳಗೆ ಕೂತು ನಮ್ಮ ಬುತ್ತಿ ತಿನ್ನುವುದು ನನಗೇ ಮುಜುಗರವಾಗಿ, ಗೇಟಿನ ಹೊರಗಿದ್ದ ಕಲ್ಲುಬೆಂಚಿನ ಮೇಲೆ ಕೂತು ತಿನ್ನತೊಡಗಿದೆ. ಬೆಂಚಿನ ಮೇಲೆ ಹೊಂಗೆ ಮರದ ನೆರಳಿತ್ತು. ಇದಕ್ಕಿಂತ ದೊಡ್ಡ ಅಪ್ಪಣೆ ಬೇಕೇ ಎಂದುಕೊಂಡೆ. ಹೆಂಡತಿ ಮಾತ್ರ "ನನಗೆ ಮಂಡಿ ನೋವು, ಬೆಂಚು ಒತ್ತುತ್ತೆ, ನಾನು ಒಳಗೇ ಕೂತು ನಂದು ತಿಂತೀನಿ" ಎಂದು ತನ್ನ ಡಬ್ಬಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಅಳಿಯ ಸಾಧು ಮನುಷ್ಯ, ಆದರೆ ನಾಲಿಗೆ ಚುರುಕು. ನಾನು ನಮ್ಮೂರಿನಿಂದ ತಂದ ನೀರಿನ ಬಾಟಲಿ ನೋಡಿ ಒಂದು ದಿನ ಕೇಳಿದ: "ಮಾವ, ಹೇಮಾವತಿ ನಮ್ಮ ಕಡೆಯಿಂದ ಹರಿದೇ ನಿಮ್ಮೂರಿಗೆ ಬರೋದು. ಎಂಜಲಾಗಿಲ್ವಾ?" ಹೊಳೆಗೆ ಎಂಜಲಿಲ್ಲ ಎಂದು ಗದರಿಸಿದೆ. ಮುಂದಿನ ಸಲ ಬಾಟಲಿಯನ್ನು ಚೀಲದೊಳಗೆ ಮುಚ್ಚಿಟ್ಟುಕೊಂಡು ಹೋದೆ.

ಮಗಳು ಊಟಕ್ಕೆ ತಟ್ಟೆ ಹಾಕುವಾಗ ಯಾವಾಗಲೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು, ಬೋರಲು ಹಾಕಿ. ಕಿಟಕಿಯಿಂದ ನನಗೆ ಕಾಣುತ್ತಿತ್ತು.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ಯುಗಾದಿಗೆ ಮಗಳು ಅಳಿಯ ಇಬ್ಬರೂ ನಮ್ಮ ಮನೆಗೆ ಬಂದವರು, ಒಬ್ಬಟ್ಟು ತಿಂದು ಜಗಲಿಯ ಮೇಲೆ ಕೂತಾಗ ಮಗಳು ನೇರವಾಗಿ ಹೇಳಿದಳು: "ನಾವಿಬ್ರೂ ಯೋಚನೆ ಮಾಡಿದೀವಿ. ನಮಗೆ ಮಕ್ಕಳು ಬೇಡ." ಹೆಂಡತಿ ನನ್ನ ಮುಖ ನೋಡಿದಳು. ನಾನು ದೊಡ್ಡ ಮನಸ್ಸು ಮಾಡಿ "ನಿಮ್ಮ ಜೀವನ, ನಿಮ್ಮ ಇಷ್ಟ" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಸಂಕಟವಾಗಲಿಲ್ಲ. ಎಂಥ ಆಧುನಿಕ ಅಪ್ಪ ನಾನು ಎಂದು ಒಳಗೊಳಗೇ ಬೀಗಿದೆ. ಅವರನ್ನು ಬಸ್ಸು ಹತ್ತಿಸಿ ವಾಪಸ್ಸು ಬರುವಾಗ ದಾರಿಯಲ್ಲಿ ಹೊಳೆಯಿತು. ಮಗುವಿಲ್ಲ ಎಂದರೆ ಶಾಸ್ತ್ರಕ್ಕೆ ಕೊನೆಯಿಲ್ಲ. ನಾನು ಸಾಯುವವರೆಗೂ ಕ್ಯಾರಿಯರ್ ಹೊರಬೇಕು. ಆಗಲಿ, ಹೊರುತ್ತೇನೆ ಎಂದುಕೊಂಡೆ. ಹಟಮಾರಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ.

ಹೋದ ಚಳಿಗಾಲ, ಅವರೆಕಾಯಿ ಸೊಗಡು ಬೀದಿಬೀದಿಯಲ್ಲಿ ಅಡರಿದ್ದ ಕಾಲ. ಹೆಂಡತಿಗೆ ಮಂಡಿ ನೋವು ನಿಜವಾಗಿಯೇ ಜಾಸ್ತಿಯಾಗಿತ್ತು, ನಾನೊಬ್ಬನೇ ಹೊರಟೆ. ಬಸ್ಸಿನಲ್ಲಿ ಗಡದ್ದಾಗಿ ನಿದ್ದೆ. ಅರಕಲಗೂಡು ಬಂದಾಗ ಕಂಡಕ್ಟರು ಕೂಗಿ ಎಬ್ಬಿಸಿದ. ಧಡಬಡಿಸಿ ಇಳಿದೆ. ಮಗಳ ಮನೆ ತಲುಪಿ ಬೆಂಚಿನ ಮೇಲೆ ಕೂತ ಮೇಲೆ ಕೈ ತಡಕಿದರೆ, ಕ್ಯಾರಿಯರ್ ಇಲ್ಲ! ಅದು ಬಸ್ಸಿನಲ್ಲೇ ಕೂತು ಮುಂದಿನ ಊರಿಗೆ ಹೋಗಿತ್ತು. ಮನೆಗೆ ಬೀಗ. ಅಳಿಯ ಕಾಲೇಜಿಗೆ ಹೋಗಿದ್ದ. ಮಗಳು ಫೋನಿನಲ್ಲಿ "ಯಾವುದೋ ಹಸು ಕರು ಹಾಕಕ್ಕೆ ಒದ್ದಾಡ್ತಿದೆ ಅಪ್ಪ, ಹಳ್ಳಿಗೆ ಬಂದಿದೀನಿ. ಬೀಗದ ಕೈ ಪಕ್ಕದ ಮನೆ ಅಜ್ಜಿ ಹತ್ರ ಇದೆ, ಒಳಗೆ ಎಲ್ಲಾ ಮಾಡಿಟ್ಟಿದೀನಿ" ಎಂದಳು. ಎಲ್ಲಾ ಮಾಡಿಟ್ಟಿದೀನಿ ಎಂದರೆ ಏನೆಂದು ನನಗೆ ಗೊತ್ತು. ನಾನು ಬೀಗದ ಕೈ ಕೇಳದೆ ಬೆಂಚಿನ ಮೇಲೇ ಕೂತೆ. ಹೊಟ್ಟೆ ಚುರ್ರೆನ್ನುತ್ತಿತ್ತು.

ಪಕ್ಕದ ಮನೆಯ ಅಜ್ಜಿ ಬೇಸಾಯದ ಮನೆಯವರು. ನನಗಿಂತ ಕೊಂಚ ಹಿರಿಯರು, ದನಿ ಮಾತ್ರ ಹತ್ತು ಮನೆಗೆ ಕೇಳುವಂಥದ್ದು. ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ಸಾ, ಇವತ್ತು ಡಬ್ಬಿ ಬಿಚ್ಚಲೇ ಇಲ್ಲ?"

"ಬಸ್ಸಲ್ಲಿ ಬಿಟ್ಟುಬಿಟ್ಟೆನಮ್ಮ."

"ಅಯ್ಯೋ ಸಿವನೇ! ಅಂಗಾರೆ ಬನ್ನಿ ನಮ್ಮನೆಗೆ. ಅಕ್ಕಿ ರೊಟ್ಟಿ ತಟ್ತಾ ಇವ್ನಿ, ಇದುಕಿದ ಬ್ಯಾಳೆ ಸಾರದೆ. ಇವತ್ತು ಸ್ವಾಮಾರ ಕಣ್ ಸಾ, ಒಲೆ ಮ್ಯಾಲೆ ಬಾಡು ಇಟ್ಟಿಲ್ಲ, ಯೋಚ್ನೆ ಮಾಡ್ಬ್ಯಾಡಿ."

ನಾನು ಶಾಸ್ತ್ರವನ್ನು ಮನಸ್ಸಿನಲ್ಲೇ ಒಂದು ಸುತ್ತು ತಿರುಗಿಸಿ ನೋಡಿದೆ. ಮಗಳ ಮನೆಯಲ್ಲಿ ಉಣ್ಣಬಾರದು ಎಂದಿದೆ, ಮಗಳ ಪಕ್ಕದ ಮನೆಯಲ್ಲಿ ಉಣ್ಣಬಾರದು ಎಂದು ಎಲ್ಲೂ ಇಲ್ಲ. ಎದ್ದು ಹೋದೆ. ಅಜ್ಜಿ ತಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ಬಾಣಲೆಯಿಂದ ಇಳಿದ ರೊಟ್ಟಿಯನ್ನು ಹಾಗೇ ತಟ್ಟೆಗೆ ಹಾಕಿದರು. ಪಕ್ಕದಲ್ಲಿ ಹುಚ್ಚೆಳ್ಳಿನ ಚಟ್ನಿ, ಬಟ್ಟಲು ತುಂಬ ಸಾರು. ಆಹಾ, ಆ ಸಾರು! ಬಡಿಸುತ್ತ ಬಡಿಸುತ್ತ ಅಜ್ಜಿ ದನಿ ತಗ್ಗಿಸಿದರು. ಅವರ ತಗ್ಗಿದ ದನಿ ಎಂದರೆ ಐದು ಮನೆಗೆ ಕೇಳುವ ದನಿ.

"ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ ಸಾ. ಡಾಕ್ಟ್ರಮ್ಮ ಒಳ್ಳೇವ್ರೇ ಕಣ್ ಸಾ. ನಮ್ಮ ಹಸ ಕರ ಹಾಕಕ್ಕಾಗದೆ ಬಿದ್ಕಂಡಿದ್ದಾಗ ಗಂಜಳದಾಗೆ ಮಂಡಿಯೂರಿ ಕೂತು ಎರಡು ಜೀವ ಉಳಿಸವ್ರೆ. ದನಕ್ಕೆ ಅಷ್ಟು ಮಾಡೋರು ಎತ್ತಪ್ಪಂಗೆ ಒಂದ್ ತುತ್ತು ಇಕ್ಕಕಿಲ್ವಲ್ಲ, ಬೀದೀಲಿ ಕೂರಿಸ್ತಾರಲ್ಲ ಅಂತ ಈ ಬೀದಿನಾಗೆ ಎಲ್ರೂ ಆಡ್ಕತಾರೆ. ನಂಗೂ ಒಟ್ಟೆ ಉರೀತದೆ ಕಣ್ ಸಾ."

ನಾನು ನೀರು ಕುಡಿದು, ಹಾಗಲ್ಲಮ್ಮ, ಅವಳು ದಿನಾ ಕರೀತಾಳೆ, ನಮ್ಮಲ್ಲಿ ಹೀಗೊಂದು ಶಾಸ್ತ್ರ ಇದೆ ಎಂದು ಎಲ್ಲವನ್ನೂ ವಿವರಿಸಿದೆ. ಅಜ್ಜಿ ರೊಟ್ಟಿ ಮೊಗಚುವ ಸಟ್ಟುಗ ಹಿಡಿದುಕೊಂಡೇ ಕೇಳಿದರು.

"ಅಂಗಂದ್ರೆ ನಮ್ಮನೇಲಿ ಉಣ್ಬೋದು?"

"ಉಣ್ಣಬಹುದು."

"ಆ ಎದುರು ಮನೇಲಿ?"

"ಅಲ್ಲೂ ಅಡ್ಡಿಯಿಲ್ಲ."

"ಡಾಕ್ಟ್ರಮ್ಮನ ಮನೇಲಿ ಮಾತ್ರ ಆಗಕಿಲ್ಲ. ಒಳ್ಳೇ ಸಾಸ್ತ್ರ ಬುಡಿ ಸಾ!" ಎಂದು ಬಿದ್ದು ಬಿದ್ದು ನಕ್ಕು, ಇನ್ನೊಂದು ರೊಟ್ಟಿ ಹಾಕಿದರು. ನಾನೂ ನಕ್ಕೆ. ನಕ್ಕ ಮೇಲೆ ಹಗುರಾಯಿತು, ಹಳೆಯ ಚಾಳಿ ಬಾಯಿಗೆ ಬಂತು. "ಸಾರು ಬಹಳ ಚೆನ್ನಾಗಿದೆಯಮ್ಮ, ಆದರೆ ಒಂದು ಕಲ್ಲು ಉಪ್ಪು ಕಮ್ಮಿ" ಎಂದೆ.

"ಅಪ್ಪ."

ಕಾಂಪೌಂಡಿನ ಆಚೆ ಮಗಳು ನಿಂತಿದ್ದಳು. ಮಂಡಿಯವರೆಗೆ ಗಂಬೂಟು, ಅಂಗಿಯ ತೋಳಿಗೆಲ್ಲ ಕೆಸರು, ಕೈಯಲ್ಲಿ ಸ್ಕೂಟರಿನ ಕೀ. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ, ಉಪ್ಪಿನ ಮಾತನ್ನಂತೂ ಕೇಳಿಸಿಕೊಂಡಿದ್ದಳು. ನನ್ನ ಬಾಯಿ ತುಂಬ ರೊಟ್ಟಿಯಿತ್ತು.

"ನಿಧಾನಕ್ಕೆ ಉಣ್ಣು ಅಪ್ಪ. ಆತುರವೇನಿಲ್ಲ" ಎಂದು ಬೀಗ ತೆಗೆದು ಒಳಗೆ ಹೋದಳು.

ಕೈ ತೊಳೆದು ನಾನು ಒಳಗೆ ಹೋದಾಗ ಅವಳು ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದಳು. ಹೆಣ್ಣು ಕರು, ಚೆನ್ನಾಗಿದೆ ಎಂದಳು. ಊಟದ ಮನೆಯಲ್ಲಿ ಎರಡು ತಟ್ಟೆಯಿತ್ತು, ಒಂದು ಬೋರಲು. ಪಕ್ಕದಲ್ಲಿ ಮುಚ್ಚಿಟ್ಟ ಪಾತ್ರೆಗಳು. ಅವಳು ಒಬ್ಬಳೇ ಕೂತು ಉಂಡಳು, ನಾನು ಹಜಾರದಲ್ಲಿ ಪೇಪರ್ ಹಿಡಿದು ಕೂತೆ. ಓದಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ.

ವಾಪಸ್ಸು ಬರುವಾಗ ಅದೇ ಕಂಡಕ್ಟರು ಸಿಕ್ಕು ಕ್ಯಾರಿಯರ್ ಕೊಟ್ಟ. "ಸಾ, ಅನ್ನ ಕೆಡ್ತದೆ ಅಂತ ನಾನೂ ಡ್ರೈವರ್ರೂ ಹೊಡ್ದುಬುಟ್ಟೋ. ಪುಳಿಯೋಗರೆ ಸೂಪರ್ ಸಾ" ಎಂದ. ನಮ್ಮ ಶಾಸ್ತ್ರದ ಊಟ ಅಂದು ಸಾರಿಗೆ ಸಂಸ್ಥೆಗೆ ಸಂದಿತ್ತು. ಮನೆಗೆ ಬಂದು ಇದನ್ನು ಹೇಳಿ ಹೆಂಡತಿಯನ್ನು ನಗಿಸಿದೆ. ಅಜ್ಜಿಯ ಮನೆಯ ರೊಟ್ಟಿಯ ವಿಷಯ ಮಾತ್ರ ಹೇಳಲಿಲ್ಲ.

ಸಂಕ್ರಾಂತಿ ಬಂತು. ಮಗಳು ಒಬ್ಬಳೇ ಬಂದಳು. ಸ್ಕೂಟರಿನಿಂದ ಇಳಿದವಳ ಕೈಯಲ್ಲಿ ಒಂದು ಹೊಸ ಕ್ಯಾರಿಯರ್, ನಮ್ಮದಕ್ಕಿಂತ ದೊಡ್ಡದು. ಹೆಗಲಿಗೆ ನೀರಿನ ಬಾಟಲಿ. ಅಮ್ಮನಿಗೆ ಎಳ್ಳು ಕೊಟ್ಟು, ಅಮ್ಮ ಕೊಟ್ಟ ಎಳ್ಳನ್ನು ತಿನ್ನದೆ ಪೊಟ್ಟಣ ಕಟ್ಟಿಟ್ಟುಕೊಂಡು, ಹೊರಗೆ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕ್ಯಾರಿಯರ್ ಬಿಚ್ಚಿದಳು. ಒಂದು ಡಬ್ಬಿಯಲ್ಲಿ ಉಪ್ಪಿಟ್ಟು, ಇನ್ನೊಂದರಲ್ಲಿ ಮೊಸರನ್ನ. ಹಬ್ಬದ ದಿನ! ಬೀದಿಯಲ್ಲಿ ಎಳ್ಳು ಬೀರಲು ಓಡಾಡುತ್ತಿದ್ದ ಹೆಂಗಸರೆಲ್ಲ ನಿಂತು ನಿಂತು ನೋಡಿಕೊಂಡು ಹೋದರು. ಎದುರು ಮನೆಯಾಕೆ ಬಾಯಿ ಬಿಟ್ಟೇ ಕೇಳಿದರು: "ಇದೇನೇ, ತವರುಮನೆಗೆ ಬುತ್ತಿ ಕಟ್ಕೊಂಡು ಬಂದಿದೀಯಾ? ಅಮ್ಮ ಹುಷಾರಾಗಿದಾರೆ ತಾನೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ಏನೇ ಇದು ನಾಟಕ? ಒಳಗೆ ಪೊಂಗಲ್ ಆರಿಹೋಗ್ತಿದೆ, ಏಳು ಮೇಲೆ!"

"ನಿಮ್ಮ ಮನೇದು ನನಗೆ ಆಗಲ್ಲಪ್ಪ. ನಮ್ಮ ಮನೇಲೂ ಒಂದು ಶಾಸ್ತ್ರ ಶುರುವಾಗಿದೆ. ಅಪ್ಪ ಮಗಳ ಮನೇಲಿ ಉಣ್ಣೋವರೆಗೆ ಮಗಳು ಅಪ್ಪನ ಮನೇಲಿ ಉಣ್ಣೋ ಹಾಗಿಲ್ಲ."

"ಯಾರು ಮಾಡಿದ್ದೇ ಈ ಶಾಸ್ತ್ರ?"

"ನಿಮ್ಮದನ್ನ ಯಾರು ಮಾಡಿದ್ರು?"

"ಹಿರಿಯರು."

"ನನಗೂ ಒಂದೆರಡು ಕೂದಲು ಬೆಳ್ಳಗಾಗಿದೆ ಬಿಡು" ಎಂದಳು. ನನಗೆ ನಗು ಬಂದುಬಿಟ್ಟಿತು. ಇದು ನನ್ನದೇ ರಕ್ತ, ನಾನು ಒರಳಿನ ಮುಂದೆ ಕೂತಂತೆಯೇ ಕೂತಿದ್ದಾಳೆ. ಆದರೆ ಅವಳು ನಗಲಿಲ್ಲ. ಚಮಚವನ್ನು ಡಬ್ಬಿಯಲ್ಲಿ ಇಟ್ಟಳು.

"ಅಪ್ಪ, ಮಕ್ಕಳು ಬೇಡ ಅಂದಾಗ ನೀನು ನಿಮ್ಮ ಇಷ್ಟ ಅಂದೆ. ನಮ್ಮಪ್ಪ ಎಷ್ಟು ದೊಡ್ಡೋನು ಅಂತ ಆಸ್ಪತ್ರೇಲಿ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೆ. ಆದ್ರೆ ನೀನು ಬಂದಾಗೆಲ್ಲ ಆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಟ್ಟು, ಇನ್ನೂ ಆಗ್ಲಿಲ್ವಾ, ಇನ್ನೂ ಆಗ್ಲಿಲ್ವಾ ಅಂತ ಕೇಳ್ತಾನೇ ಇದೀಯ. ಬಾಯಲ್ಲಿ ಕೇಳಿದ್ರೆ ಜಗಳಾನಾದ್ರೂ ಆಡಬಹುದಿತ್ತು."

ಸತ್ಯವಾಗಿ ಹೇಳುತ್ತೇನೆ, ನಾನು ಹಾಗೆ ಒಂದು ದಿನವೂ ಯೋಚಿಸಿರಲಿಲ್ಲ. ಕ್ಯಾರಿಯರ್ ನನ್ನ ಮತ್ತು ನಮ್ಮಪ್ಪನ ನಡುವಿನ ವಿಷಯ ಎಂದುಕೊಂಡಿದ್ದೆ. ಅದು ಅವಳ ಮುಖಕ್ಕೆ ಹಿಡಿದ ಪ್ರಶ್ನೆ ಎಂದು ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿ ಸೌಟು ಹಿಡಿದು ಹೊರಗೆ ಬಂದಳು. "ಸಾಕು, ಅಪ್ಪ ಮಗಳು ಇಬ್ರೂ ಬೀದೀಲಿ ಕೂತು ಮಾನ ಕಳೀಬೇಡಿ. ರೀ, ನಿಮಗೊಂದು ವಿಷಯ ಹೇಳಿಬಿಡ್ತೀನಿ. ನಾನು ಇವಳ ಮನೇಲಿ ಯಾವಾಗ್ಲಿಂದಲೋ ಉಣ್ತಾ ಇದೀನಿ."

"ಏನು?"

"ಮತ್ತೆ? ನೀವು ಹೊರಗೆ ಬೆಂಚಿನ ಮೇಲೆ ತಣ್ಣಗಿನ ಪುಳಿಯೋಗರೆ ಮುಕ್ಕುವಾಗ ನಾನು ಒಳಗೆ ಬಿಸಿಬಿಸಿ ಸಾರನ್ನ ಊಟ ಮಾಡ್ತಿದ್ದೆ. ಅಳಿಯಂದಿರು ಹಪ್ಪಳ ಸುಟ್ಟು ಕೊಡ್ತಿದ್ರು. ನನ್ನ ಡಬ್ಬಿ ಅನ್ನ ಇವಳ ಹಿತ್ತಲಿಗೆ ಬರೋ ಆ ಬೀದಿ ಹಸು ತಿಂದು ಹೇಗೆ ದುಂಡಗಾಗಿದೆ, ನೋಡಿಲ್ವಾ?"

ನೋಡಿದ್ದೆ. ಎಷ್ಟು ಚೆನ್ನಾಗಿ ಸಾಕಿದ್ದಾರೆ ಎಂದು ಮೆಚ್ಚಿಕೊಂಡೂ ಇದ್ದೆ. ಮಗಳು ಆಗ ತಡೆಯಲಾರದೆ ಕಿಸಕ್ಕನೆ ನಕ್ಕಳು. ಆದರೆ ಶಾಸ್ತ್ರ ಮುರಿಯಲಿಲ್ಲ, ಉಪ್ಪಿಟ್ಟು ಮುಗಿಸಿ, ತನ್ನ ಬಾಟಲಿಯ ನೀರು ಕುಡಿದು, ನಮ್ಮ ಕಾಲಿಗೆ ನಮಸ್ಕಾರ ಮಾಡಿ ಹೊರಟುಹೋದಳು.

ಆಮೇಲೆ ದಿನಾ ಫೋನು ಮಾಡುತ್ತಿದ್ದಳು. ಮಂಡಿ ನೋವು ವಿಚಾರಿಸುತ್ತಿದ್ದಳು, ಹಸುಗಳ ಕಥೆ ಹೇಳುತ್ತಿದ್ದಳು. ಯಾವತ್ತೂ ಫೋನಿಡುವ ಮುಂಚೆ "ಯಾವಾಗ ಬರ್ತೀಯಪ್ಪ?" ಎಂದು ಕೇಳುತ್ತಿದ್ದವಳು, ಆ ಒಂದು ಮಾತು ಮಾತ್ರ ನಿಲ್ಲಿಸಿಬಿಟ್ಟಳು. ನಾನು ಅದಕ್ಕೇ ಕಾಯುತ್ತ ಫೋನು ಕಿವಿಗೆ ಒತ್ತಿ ಹಿಡಿಯುತ್ತಿದ್ದೆ. "ಸರಿ ಅಪ್ಪ, ಇಡ್ಲಾ?" ಎನ್ನುತ್ತಿದ್ದಳು. ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಮಗಳ ಮನೆ ಎಂಬುದು ನನ್ನ ಪಾಲಿಗೆ ಒಂದು ಫೋನ್ ನಂಬರ್ ಆಗಿ ಉಳಿಯುತ್ತದೆ ಎನ್ನಿಸಿತು.

ಆದರೂ ಮೊಲಕ್ಕೆ ನಾಲ್ಕನೆಯ ಕಾಲು ಮೂಡಲಿಲ್ಲ. ಅಪ್ಪ ಉಳಿಸಿಕೊಂಡು ಬಂದದ್ದನ್ನು ನಾನು ಮುರಿದರೆ ಅಪ್ಪನನ್ನೇ ಮನೆಯಿಂದ ಆಚೆ ಹಾಕಿದ ಹಾಗೆ ಎಂಬ ಸಂಕಟ. ಒಂದು ಬೆಳಿಗ್ಗೆ ಕಟ್ಟಾಯದ ಅಕ್ಕನಿಗೆ ಫೋನು ಮಾಡಿ ಎಲ್ಲ ತೋಡಿಕೊಂಡೆ. "ಅಪ್ಪ ನಿನ್ನ ಮನೇಲಿ ಒಂದು ತೊಟ್ಟು ನೀರೂ ಮುಟ್ಟದೆ ಆ ಮರದ ಕೆಳಗೆ ಕೂತು ಅವಲಕ್ಕಿ ತಿಂದು ಬರ್ತಿದ್ರಲ್ಲಕ್ಕ" ಎಂದೆ. ಅತ್ತ ಕಡೆಯಿಂದ ನಗು. ಎಂಬತ್ತರ ಹತ್ತಿರದ ಅಕ್ಕ ಕೆಮ್ಮು ಬರುವಷ್ಟು ನಕ್ಕಳು.

"ಅವಲಕ್ಕಿ ಎಲ್ಲೋ ತಿಂತಿದ್ರು ಅಪ್ಪ! ಅದನ್ನ ಕೋತಿಗಳಿಗೆ ಹಾಕ್ತಿದ್ರು. ನಾನು ಸೆರಗಲ್ಲಿ ಕೋಡುಬಳೆ, ಚಕ್ಕುಲಿ, ಬಿಸಿ ಬೋಂಡ ಮುಚ್ಚಿಟ್ಕೊಂಡು ಹಿಂದಿನ ದಾರಿಯಿಂದ ಓಡ್ತಿದ್ದೆ. ಇದೇನು ನಿನ್ನ ಮನೆಯೇನೇ, ಮರ ತಾನೆ ಅಂತ ಪೂರ್ತಿ ತಿಂದು, ಬೋಂಡಕ್ಕೆ ಖಾರ ಸಾಲದು ಅಂತ ನನಗೇ ಬೈದು ಕಳಿಸೋರು."

ನಾನು ಫೋನಿಟ್ಟೆ. ಅಪ್ಪನೂ ಹೆಸರಿಡುತ್ತಿದ್ದರು! ಅಕ್ಕನ ಬೋಂಡಕ್ಕೆ! ಆ ಕ್ಯಾಲೆಂಡರಿನ ಪಟದೊಳಗಿನ ಮನುಷ್ಯ ಇಷ್ಟು ವರ್ಷದ ಮೇಲೆ ಎಣ್ಣೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ಕಣ್ಣು ಹೊಡೆದ ಹಾಗಾಯಿತು. ಇಡೀ ವಂಶದಲ್ಲಿ ಈ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದ ಬೆಪ್ಪ ನಾನೊಬ್ಬನೇ. ಮೊದಲು ಸಿಟ್ಟು ಬಂತು. ಆಮೇಲೆ, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಬಂತು: ಅಪ್ಪನೂ ಮಾಡಲಾಗದ್ದನ್ನು ನಾನು ಮಾಡಿದೆನಲ್ಲ, ಇನ್ನೂ ಮುಂದುವರಿಸಿದರೆ ಹೇಗೆ? ಆ ಯೋಚನೆ ಬಂದದ್ದೇ ನನಗೆ ನನ್ನ ಮೇಲೆ ಎಂಥ ನಗು ಬಂತೆಂದರೆ, ಒಳಗಿದ್ದ ಹೆಂಡತಿ "ಏನಾಯ್ತ್ರೀ?" ಎಂದು ಓಡಿಬಂದಳು. ಇದರಲ್ಲಿ ಶಾಸ್ತ್ರವೂ ಇಲ್ಲ, ಅಪ್ಪನೂ ಇಲ್ಲ. ಇದ್ದದ್ದು ನನ್ನ ಹಟ ಒಂದೇ, ಮಡಿ ಉಟ್ಟುಕೊಂಡು ಕೂತಿತ್ತು.

"ಅರಕಲಗೂಡಿಗೆ ಹೋಗಿ ಬರ್ತೀನಿ ಕಣೇ" ಎಂದೆ.

"ತಡೀರಿ, ಕ್ಯಾರಿಯರ್..." ಎಂದವಳು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಒಳಗೆ ಹೋಗಿ ನನಗೆ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟಳು.

ಬಸ್ಸಿನಲ್ಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅದೇ ಕಂಡಕ್ಟರು ಟಿಕೆಟ್ ಕೊಡುತ್ತ "ಏನ್ ಸಾ, ಡಬ್ಬಿ ಕಾಣಕಿಲ್ಲ? ನಾವು ತಿಂತೀವಿ ಅಂತ ಬುಟ್ಟು ಬಂದ್ರಾ?" ಎಂದ. "ಇವತ್ತು ಮಗಳ ಮನೇಲಿ ಊಟ ಕಣಯ್ಯಾ" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅಂದು ನನಗೆ ನಿದ್ದೆಯೂ ಹತ್ತಲಿಲ್ಲ.

ಭಾನುವಾರವಾದ್ದರಿಂದ ಇಬ್ಬರೂ ಮನೆಯಲ್ಲಿದ್ದರು. ನಾನು ಬರುವುದು ಅವರಿಗೆ ಗೊತ್ತಿರಲಿಲ್ಲ. ಬೆಂಚನ್ನು ದಾಟಿ, ಚಪ್ಪಲಿ ಬಿಟ್ಟು, ನೇರ ಒಳಗೆ ಹೋದೆ. ಆಗಷ್ಟೇ ಊಟಕ್ಕೆ ಕೂರುತ್ತಿದ್ದರು. ನಾನು ಹೋಗದಿದ್ದ ದಿನವೂ ಆ ತಟ್ಟೆ ಇತ್ತು! ಬೋರಲು. ಮಗಳು ಕೈಯಲ್ಲಿ ಸೌಟು ಹಿಡಿದು ನಿಂತಳು. ನನ್ನ ಖಾಲಿ ಕೈ ನೋಡಿದಳು, ನನ್ನ ಬೆನ್ನ ಹಿಂದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಹಸಿವಾಗ್ತಿದೆ ಕಣೇ" ಎಂದು ಕೂತೆ. ತಟ್ಟೆಯನ್ನು ನಾನೇ ಅಂಗಾತ ಮಾಡಿದೆ.

ಅಳಿಯ ಮೆಲ್ಲಗೆ ಎದ್ದು ಒಂದು ಲೋಟ ನೀರು ತಂದಿಟ್ಟ. ಹೊಳೆಯ ಮಾತು ಎತ್ತಲಿಲ್ಲ, ಪುಣ್ಯಾತ್ಮ. ಮಗಳು "ಏನೂ ವಿಶೇಷ ಮಾಡಿಲ್ಲ ಅಪ್ಪ, ಬರೀ ತೊಗರಿಬೇಳೆ ಸಾರು, ಬೀನ್ಸ್ ಪಲ್ಯ. ಹತ್ತು ನಿಮಿಷ ಕೂತಿರು, ಪಾಯಸ..." ಎಂದು ತಡವರಿಸಿದಳು. "ಇರೋದನ್ನೇ ಹಾಕು" ಎಂದೆ. ಅನ್ನ ಹಾಕಿದಳು, ತುಪ್ಪ ಹಾಕಿದಳು, ಸಾರು ಹಾಕಿದಳು. ಸಾರು ಒಂದಿಷ್ಟು ತಟ್ಟೆಯ ಅಂಚಿಗೆ ಚೆಲ್ಲಿತು. ಗಂಡ ಹೆಂಡತಿ ಇಬ್ಬರೂ ತಮ್ಮ ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಕಣ್ಣು ತುಂಬಿ ಬಂತು. ಬೀಗರ ಮನೆಯಲ್ಲಿ ಹೇಳುವ ಹಾಗೆ ಹೇಳಿದೆ: "ತುಂಬಾ ಚೆನ್ನಾಗಿದೆಯಮ್ಮ."

ಮಗಳ ಮುಖ ಬಾಡಿತು. "ಹೌದಾ" ಎಂದಳು, ಅಷ್ಟೆ. ಪಲ್ಯದ ಪಾತ್ರೆಯ ಕಡೆ ತಿರುಗಿದಳು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆ ಅಜ್ಜಿಯ ಜಗಲಿ ನೆನಪಾಯಿತು, ಕಾಂಪೌಂಡಿನ ಆಚೆ ಕೆಸರು ಮೆತ್ತಿಕೊಂಡು ನಿಂತಿದ್ದ ನನ್ನ ಮಗಳು ನೆನಪಾದಳು. ನಾಲಿಗೆಯ ಮೇಲಿದ್ದ ತುತ್ತನ್ನು ಇನ್ನೊಂದು ಸಲ ಸರಿಯಾಗಿ ಚಪ್ಪರಿಸಿದೆ. ಚಪ್ಪರಿಸಿದರೆ ಗೊತ್ತಾಗದೆ ಇರುತ್ತದೆಯೇ?

"ಆದ್ರೆ ಉಪ್ಪು ಮುಂದಾಯ್ತು ಕಣೇ" ಎಂದೆ. "ಯಾರೇ ಹೇಳಿಕೊಟ್ಟಿದ್ದು ನಿನಗೆ ಹೀಗೆ ಸುರಿಯೋದು? ಹುಳಿಯೂ ಒಂದು ಚೂರು ಹೆಚ್ಚೇ."

ಸೌಟು ಠಣ್ಣೆಂದು ಪಾತ್ರೆಯೊಳಗೆ ಬಿತ್ತು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವ ಮೊದಲೇ ಎದ್ದು ಹಿತ್ತಲಿಗೆ ಓಡಿ, ಕಾಂಪೌಂಡಿನ ಮೇಲೆ ಬಗ್ಗಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು:

"ಅಜ್ಜೀ! ನಮ್ಮಪ್ಪ ನಮ್ಮನೆ ಸಾರಿಗೆ ಉಪ್ಪು ಜಾಸ್ತಿ ಅಂದ್ರು ಕಣಜ್ಜೀ!"

ಆ ಕಡೆಯಿಂದ ಹತ್ತು ಮನೆಗೆ ಕೇಳುವ ದನಿ ಬಂತು: "ಅಂಗಾರೆ ಉಂಡ್ರು ಅನ್ನಿ ಡಾಕ್ಟ್ರಮ್ಮಾ!"

"ಉಂಡ್ರು ಅಜ್ಜೀ! ಉಣ್ತಾ ಇದಾರೆ!"

ಅಳಿಯ ನನ್ನ ಕಡೆಗೆ ಉಪ್ಪಿನಕಾಯಿ ಜರುಗಿಸಿದ. ನಾನು ಬೇಡವೆಂದು ತಲೆಯಾಡಿಸಿ, ಮಗಳು ಒಳಗೆ ಬರುವುದನ್ನು ಕಾದು, ಇನ್ನೊಂದು ಸೌಟು ಸಾರು ಹಾಕು ಎಂದು ತಟ್ಟೆ ಮುಂದಕ್ಕೆ ತಳ್ಳಿದೆ.